ಡಿಸ್ಕ್ ಬ್ರೇಕ್ ಉಜ್ಜುತ್ತಿದೆಯಾ? ಕೇಬಲ್ ಲೂಸ್ ಮಾಡಬೇಡಿ

ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ತೇರಹಳ್ಳಿ ಇದೆ. ಭಾನುವಾರ ಬೆಳಿಗ್ಗೆ ಆ ರಸ್ತೆಯಲ್ಲಿ ನಿಂತರೆ ಕೆಲವು ಸೈಕಲ್‌ಗಳು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಒಂದು 'ಶ್ಶ್ಶ್' ಅಂತ ಬಿಡದೆ ಉಜ್ಜುತ್ತಾ ಹತ್ತುತ್ತದೆ. ಇನ್ನೊಂದು ಚಕ್ರ ಸುತ್ತು ಬಂದಾಗೊಮ್ಮೆ 'ಚರ್ಕ್' ಅನ್ನುತ್ತದೆ. ಎರಡೂ ಡಿಸ್ಕ್ ಬ್ರೇಕಿನ ಸದ್ದೇ, ಆದರೆ ಕಾಯಿಲೆ ಬೇರೆ ಬೇರೆ. ನಮ್ಮ ಕಡೆ ಮಾತ್ರ ಎರಡಕ್ಕೂ ಒಂದೇ ಔಷಧಿ: ಬ್ರೇಕ್ ಕೇಬಲ್ ಸ್ವಲ್ಪ ಲೂಸ್ ಮಾಡಿಬಿಡೋದು.

ಈ ಔಷಧಿ ಹಳೇ ಸೈಕಲ್‌ಗಳಿಂದ ಬಂದದ್ದು. ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ಬ್ರೇಕಿನಲ್ಲಿ ಕೇಬಲ್ ಸಡಿಲಿಸಿದರೆ ಎರಡೂ ರಬ್ಬರ್ ದೂರ ಸರಿಯುತ್ತವೆ, ಸದ್ದು ನಿಲ್ಲುತ್ತದೆ. ಕಡಿಮೆ ಬೆಲೆಯ ಮೌಂಟೇನ್ ಬೈಕ್‌ಗಳಲ್ಲಿ ಬರುವ ಕೇಬಲ್ ಡಿಸ್ಕ್ ಬ್ರೇಕ್ ಹಾಗಲ್ಲ. ಅದರ ಕ್ಯಾಲಿಪರ್ ಒಳಗೆ ಎರಡು ಪ್ಯಾಡ್ ಇದ್ದರೂ, ಬಹುತೇಕ ಮಾಡೆಲ್‌ಗಳಲ್ಲಿ ಲಿವರ್ ಒತ್ತಿದಾಗ ಅಲುಗುವುದು ಹೊರಗಿನದು ಒಂದೇ. ಕಡ್ಡಿಗಳ ಕಡೆ ಇರುವ ಒಳಗಿನ ಪ್ಯಾಡ್ ಗೋಡೆಯ ಹಾಗೆ ಸುಮ್ಮನೆ ನಿಂತಿರುತ್ತದೆ. ಹೊರಗಿನದು ಡಿಸ್ಕನ್ನು ತಳ್ಳಿ ಈ ಗೋಡೆಗೆ ಒತ್ತುತ್ತದೆ. ಉಜ್ಜುತ್ತಿರುವುದು ಆ ಗೋಡೆಯೇ ಆಗಿದ್ದರೆ ಕೇಬಲ್ ಎಷ್ಟು ಸಡಿಲಿಸಿದರೂ ಅದು ಒಂದು ಕೂದಲೆಳೆಯೂ ಸರಿಯುವುದಿಲ್ಲ. ಹೊರಗಿನ ಪ್ಯಾಡ್ ಮಾತ್ರ ಇನ್ನಷ್ಟು ದೂರ ಹೋಗುತ್ತದೆ. ಅಂದರೆ ಲಿವರ್ ಹ್ಯಾಂಡಲ್ ತನಕ ಬಂದರೂ ಹಿಡಿತ ಸಿಗುವುದಿಲ್ಲ.

ಶ್ರೀನಿವಾಸಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು ಇದೇ. ಅಂಗಡಿಯೊಂದರಲ್ಲಿ ರಿಪೇರಿ ಮಾಡಿಸಿಕೊಂಡು ಬಂದು, "ಅಣ್ಣಾ, ಸೌಂಡ್ ಪೂರ್ತಿ ಹೋಯ್ತು ನೋಡು" ಅಂದ. ಅದೇ ವಾರ ಮಾವಿನ ತೋಟದ ಇಳಿಜಾರಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಎರಡೂ ಲಿವರ್ ಹ್ಯಾಂಡಲ್‌ಗೆ ತಾಗಿದವು, ಸೈಕಲ್ ನಿಲ್ಲಲಿಲ್ಲ. ಕಾಲು ನೆಲಕ್ಕೆ ಊರಿ, ಬದುವಿಗೆ ಗುದ್ದಿ ನಿಂತ. ಮೊಣಕಾಲು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅದೇ ತೇರಹಳ್ಳಿ ಇಳಿಯುವಾಗ ಆಗಿದ್ದರೆ?

ಅವತ್ತು ಸಂಜೆ ಅವನ ಮನೆಯ ಮುಂದೆ ಕೂತು ಸರಿ ಮಾಡಿದೆವು. ಅರ್ಧ ಗಂಟೆಯ ಕೆಲಸ. ಬೇಕಾದದ್ದು ಆಲನ್ ಕೀ ಸೆಟ್, ಒಂದು ವಿಸಿಟಿಂಗ್ ಕಾರ್ಡ್, ಫೋನಿನ ಟಾರ್ಚ್.

ಮೊದಲು ಚಕ್ರ ನೋಡಿ. ಸೈಕಲನ್ನು ನೆಲದ ಮೇಲೆ ನೇರ ನಿಲ್ಲಿಸಿ, ಚಕ್ರದ ಕ್ವಿಕ್ ರಿಲೀಸ್ ಬಿಚ್ಚಿ, ಮೇಲಿಂದ ಒತ್ತಿ ಮತ್ತೆ ಬಿಗಿ ಮಾಡಿ. ಎಷ್ಟೋ ಸಲ ಚಕ್ರ ಓರೆಯಾಗಿ ಕೂತದ್ದೇ ಸದ್ದಿಗೆ ಕಾರಣ. ಆಮೇಲೆ ಕ್ಯಾಲಿಪರ್ ಹಿಂದೆ ಬಿಳಿ ಕಾಗದ ಹಿಡಿದು, ಟಾರ್ಚ್ ಬಿಟ್ಟು, ಚಕ್ರ ನಿಧಾನ ತಿರುಗಿಸಿ. ಡಿಸ್ಕ್ ಒಂದು ಜಾಗದಲ್ಲಿ ಮಾತ್ರ ಪ್ಯಾಡ್ ಕಡೆ ವಾಲಿದರೆ ಡಿಸ್ಕ್ ಬೆಂಡ್ ಆಗಿದೆ ಅಂತ. 'ಚರ್ಕ್' ಸದ್ದು ಇದರದ್ದು, ಕ್ಯಾಲಿಪರ್ ಸರಿಸಿ ಪ್ರಯೋಜನವಿಲ್ಲ. ಆ ಜಾಗವನ್ನು ಶುಭ್ರ ಬಟ್ಟೆಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಎದುರು ದಿಕ್ಕಿಗೆ ಬಗ್ಗಿಸಬೇಕು. ಹೊಸ ಡಿಸ್ಕ್ ಸಾಮಾನ್ಯವಾಗಿ 1.8 ಮಿ.ಮೀ. ದಪ್ಪ ಅಷ್ಟೇ, ಜೋರು ತೋರಿಸಬೇಡಿ.

ಸುತ್ತು ಪೂರ್ತಿ ಒಂದೇ ಸಮ ಉಜ್ಜುತ್ತಿದ್ದರೆ ಕ್ಯಾಲಿಪರ್ ಸರಿಸಬೇಕು. ಅದನ್ನು ಸೈಕಲ್‌ಗೆ ಹಿಡಿದಿರುವ ಎರಡು ಬೋಲ್ಟ್ ಇರುತ್ತವೆ, ಹೆಚ್ಚಾಗಿ 5 ಎಂಎಂ ಆಲನ್ ಕೀಗೆ ಸಿಗುತ್ತವೆ. ಅವನ್ನು ಪೂರ್ತಿ ಬಿಚ್ಚಬೇಡಿ, ಕ್ಯಾಲಿಪರ್ ಕೈಯಲ್ಲಿ ಅತ್ತಿತ್ತ ಅಲ್ಲಾಡುವಷ್ಟು ಸಡಿಲಿಸಿದರೆ ಸಾಕು. ಒಳಗಿನ ಪ್ಯಾಡ್‌ಗೂ ಡಿಸ್ಕ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರಿಸಿ. ಲಿವರನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಒಬ್ಬರೇ ಇದ್ದರೆ ರಬ್ಬರ್ ಬ್ಯಾಂಡ್ ಸುತ್ತಿ. ಡಿಸ್ಕ್ ಬಾಗದೆ, ಕ್ಯಾಲಿಪರೇ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಕೆಲಸ ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಒಂದು ಬೋಲ್ಟನ್ನು ಒಮ್ಮೆಲೇ ಬಿಗಿ ಮಾಡಿದರೆ ಅದು ತಿರುಗುವ ರಭಸಕ್ಕೆ ಕ್ಯಾಲಿಪರ್ ಕೂಡ ತಿರುಚಿಕೊಳ್ಳುತ್ತದೆ. ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು ಅಂತ ಬದಲಿಸುತ್ತಾ ಬಿಗಿ ಮಾಡಿ. ಟಾರ್ಕ್ ರೆಂಚ್ ಇದ್ದವರಿಗೆ ಶಿಮಾನೋ ಹೇಳುವ ಲೆಕ್ಕ 6ರಿಂದ 8 ನ್ಯೂಟನ್ ಮೀಟರ್. ಇಲ್ಲದವರು ಆಲನ್ ಕೀಯ ಗಿಡ್ಡ ತುದಿಯನ್ನು ಬೋಲ್ಟ್‌ಗೆ ಹಾಕಿ, ಉದ್ದ ತುದಿಯಿಂದ ಗಟ್ಟಿಯಾಗಿ ಬಿಗಿ ಮಾಡಿ. ಕಾರ್ಡ್ ಎಳೆದು ತೆಗೆದರೆ ಅದರ ದಪ್ಪದಷ್ಟು ಸಂದು ಉಳಿಯುತ್ತದೆ. ಈಗ ಬೇಕಾದರೆ ಕೇಬಲ್ ಮುಟ್ಟಿ, ಅದೂ ಸಡಿಲಿಸೋಕಲ್ಲ: ಲಿವರ್ ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಡಿತ ಸಿಗುವಂತೆ ಅಡ್ಜಸ್ಟರ್ ತಿರುಗಿಸಿ.

ಹೈಡ್ರಾಲಿಕ್ ಬ್ರೇಕ್ ಇದ್ದವರಿಗೆ ಕಾರ್ಡ್ ಬೇಡ. ಅಲ್ಲಿ ಎರಡೂ ಪ್ಯಾಡ್ ಅಲುಗುತ್ತವೆ, ಉಳಿದದ್ದು ಇದೇ ಕ್ರಮ. ಆದರೆ ಬೆಂಗಳೂರಿನಿಂದ ಚಕ್ರ ಬಿಚ್ಚಿ ಕಾರಿನಲ್ಲಿ ಸೈಕಲ್ ತರುವವರು ಒಂದು ವಿಷಯ ಗಮನಿಸಿ: ಡಿಸ್ಕ್ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್‌ಗಳು ಮುಂದೆ ಬಂದು ಪ್ಯಾಡ್‌ಗಳು ಅಂಟಿಕೊಳ್ಳುತ್ತವೆ. ಮುಳಬಾಗಿಲಿನಲ್ಲಿ ದೋಸೆ ತಿಂದು ಆವಣಿ ಕಡೆ ಹೊರಡಬೇಕಾದವರು ಪಾರ್ಕಿಂಗ್‌ನಲ್ಲೇ ಕೂರಬೇಕಾಗುತ್ತದೆ. ಚಕ್ರ ತೆಗೆದ ಕೂಡಲೇ ಪ್ಯಾಡ್‌ಗಳ ನಡುವೆ ಮಡಿಸಿದ ರಟ್ಟಿನ ತುಂಡು ಇಡಿ.

ಧೂಳಿನ ಸದ್ದೂ ಇದೆ. ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದರೆ ಕ್ಯಾಲಿಪರ್ ತುಂಬ ಕೆಂಪು ಪುಡಿ, ಮಳೆ ಬಂದರೆ ಅದೇ ಕೆಸರು. ಸೋಪು ನೀರಿನಲ್ಲಿ ತೊಳೆಯಿರಿ. ಕಿರ್ ಅನ್ನುತ್ತೆ ಅಂತ ಡಿಸ್ಕ್‌ಗೆ ಎಣ್ಣೆ ಬಿಡುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ಎಣ್ಣೆ ಹೀರಿದ ಪ್ಯಾಡ್ ಹಿಡಿಯುವುದಿಲ್ಲ, ಹೆಚ್ಚಿನ ಸಲ ಹೊಸದೇ ಹಾಕಬೇಕು. ಡಿಸ್ಕ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು.

ಎಲ್ಲಾ ಆದ ಮೇಲೆ ಸೀದಾ ಬೆಟ್ಟಕ್ಕೆ ಹೋಗಬೇಡಿ. ಮನೆ ಮುಂದಿನ ಸಮತಟ್ಟು ರಸ್ತೆಯಲ್ಲಿ ನಿಧಾನ ಓಡಿಸಿ, ಹಿಂದಿನ ಬ್ರೇಕ್ ಒಂದು ಸಲ, ಮುಂದಿನದು ಒಂದು ಸಲ, ಎರಡೂ ಸೇರಿಸಿ ನಾಲ್ಕಾರು ಸಲ ಹಿಡಿದು ನೋಡಿ. ನಂತರ ಬೋಲ್ಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಇಳಿಜಾರು ಇಳಿದು ಬಂದ ತಕ್ಷಣ ಮಾತ್ರ ಡಿಸ್ಕ್ ಮುಟ್ಟಬೇಡಿ, ಬಿಸಿ ತವಾ ಮುಟ್ಟಿದ ಹಾಗೆಯೇ ಬೆರಳು ಸುಡುತ್ತದೆ.