ಲಿಫ್ಟಿನ ಕೆಳಗಿನ ಸನ್ನಿ

ಗುಂಡಿಗೆ ಇಳಿಯಲು ಗೋಡೆಯಲ್ಲಿ ನಾಲ್ಕು ಕಬ್ಬಿಣದ ಮೆಟ್ಟಿಲು ಹೂತಿದ್ದರು. ಹಾವೇರಿಯ ಪಿ.ಬಿ. ರಸ್ತೆಯ ಪಕ್ಕದ ನಾಲ್ಕು ಅಂತಸ್ತಿನ ಅಂಗಡಿ ಕಟ್ಟಡ, ಬೆಳಿಗ್ಗೆ ಏಳೂವರೆ, ಅಂಗಡಿಗಳ ಶಟರು ಇನ್ನೂ ಎದ್ದಿರಲಿಲ್ಲ. ಮೆಕ್ಯಾನಿಕ್ ಹುಡುಗ ಮೊದಲು ಇಳಿದು, ಒಳಗಿನ ಕೆಂಪು ಸ್ವಿಚ್ ಒತ್ತಿ ಲಿಫ್ಟನ್ನು ಮೇಲೆಯೇ ನಿಲ್ಲಿಸಿದ. "ಈಗ ಇಳೀರಿ ಸರ, ಇನ್ನ ಅದು ಅಳ್ಳಾಡಂಗಿಲ್ಲ" ಅಂದ.

ಗುಂಡಿಯಲ್ಲಿ ಒಂಟಿ ಚಪ್ಪಲಿ, ಗುಟ್ಕಾ ಚೀಟಿಗಳು, ಯಾವುದೋ ಮಗುವಿನ ಕೈಜಾರಿದ ಪೆನ್ಸಿಲ್ಲು ಬಿದ್ದಿದ್ದವು. ನಡುವೆ ಎರಡು ದಪ್ಪ ಸ್ಪ್ರಿಂಗುಗಳು. ಲಿಫ್ಟು ಬಿದ್ದರೆ ಹಿಡಿಯುವವು ಇವೇ ಎಂದುಕೊಂಡಿದ್ದೆ. ಹುಡುಗ ತಲೆಯಾಡಿಸಿದ. ಕೆಳಗಿನ ಅಂತಸ್ತನ್ನು ದಾಟಿ ತುಸು ಹೆಚ್ಚು ಇಳಿದ ಲಿಫ್ಟನ್ನು ತಡೆದುಕೊಳ್ಳುವುದಷ್ಟೇ ಇವುಗಳ ಕೆಲಸ. ನಾಲ್ಕನೇ ಮಹಡಿಯಿಂದ ಬೀಳುವುದನ್ನು ಹಿಡಿಯಲು ಇವುಗಳಿಂದ ಆಗುವುದಿಲ್ಲ. "ನೀವು ನೋಡಾಕ ಬಂದದ್ದು ಮ್ಯಾಲ ಐತ್ರಿ" ಎಂದು ಟಾರ್ಚನ್ನು ಮೇಲಕ್ಕೆ ಹಿಡಿದ.

ನನ್ನನ್ನು ಇಲ್ಲಿಗೆ ಕರೆತಂದದ್ದು ನಮ್ಮ ಅವ್ವನ ಹಟ. ಮೊಣಕಾಲು ನೋವಿದ್ದರೂ ಆಸ್ಪತ್ರೆಯ ಮೂರು ಮಹಡಿಯನ್ನು ಮೆಟ್ಟಿಲಲ್ಲೇ ಹತ್ತುತ್ತಾಳೆ. "ಹಗ್ಗ ಹರದ್ರ ಏನ್ ಗತಿ?" ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಈ ಹುಡುಗ ಐಟಿಐ ಕಲಿತವನು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಬೈಕಿನ ಮೇಲೆ ತಿರುಗಿ ಲಿಫ್ಟು ನೋಡಿಕೊಳ್ಳುತ್ತಾನೆ. ಒಂದು ದಿನ ಅವನ ಹಿಂದೆ ಕೂತು ಹೊರಟೆ.

ಟಾರ್ಚಿನ ಬೆಳಕಿನಲ್ಲಿ ಲಿಫ್ಟಿನ ತಳ ಕಂಡಿತು. ಎರಡೂ ಬದಿಯ ಗೋಡೆಗಳ ಉದ್ದಕ್ಕೂ ಕಬ್ಬಿಣದ ಹಳಿಗಳು, ಇಂಗ್ಲಿಷಿನ ಟಿ ಅಕ್ಷರದ ಆಕಾರದವು, ಎಣ್ಣೆಯಿಂದ ಮಿರುಗುತ್ತಿದ್ದವು. ಲಿಫ್ಟು ಏರಿಳಿಯುವುದು ಇವನ್ನೇ ಹಿಡಿದುಕೊಂಡು. ತಳದ ಚೌಕಟ್ಟು ಹಳಿಗೆ ತಾಗುವ ಎರಡೂ ಕಡೆ ಒಂದೊಂದು ಉಕ್ಕಿನ ಪೆಟ್ಟಿಗೆ. ಅದರೊಳಗೆ, ಕೆಳಗೆ ಅಗಲ ಮೇಲೆ ಕಿರಿದಾದ ಸಂದಿಯಲ್ಲಿ, ಹಳಿಗೆ ತಾಗಿಯೂ ತಾಗದಂತೆ ಕೂತ ಬೆಣೆಗಳು.

"ತೇರ ಎಳ್ಯಾಗ ಗಾಲಿಗೆ ಸನ್ನಿ ಕೊಡ್ತಾರಲ್ರಿ, ಅದ ಇದು. ಅಲ್ಲೆ ಕಟ್ಟಿಗಿ, ಇಲ್ಲೆ ಉಕ್ಕು."

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಜಾತ್ರೆಯಲ್ಲಿ ತೇರು ಇಳಿಜಾರಿಗೆ ಬಂದು ಓಡಲು ಹವಣಿಸಿದಾಗ ಪಕ್ಕದಲ್ಲೇ ಹೆಜ್ಜೆ ಹಾಕುವವನು ಕಟ್ಟಿಗೆಯ ಬೆಣೆಯನ್ನು ಗಾಲಿಯ ಅಡಿಗೆ ತಳ್ಳುತ್ತಾನೆ. ಗಾಲಿ ಅದರ ಮೇಲೇರಿ ನಿಲ್ಲುತ್ತದೆ. ತೇರು ಎಷ್ಟು ಭಾರವೋ ಸನ್ನಿಯ ಹಿಡಿತ ಅಷ್ಟು ಗಟ್ಟಿ. ಲಿಫ್ಟಿನಲ್ಲೂ ಅದೇ ಲೆಕ್ಕ. ಬೆಣೆಯನ್ನು ಒಂದಿಷ್ಟು ಮೇಲಕ್ಕೆತ್ತಿ ಹಳಿಗೆ ತಾಗಿಸಿದರೆ ಸಾಕು, ಕೆಳಗಿಳಿಯುತ್ತಿರುವ ಲಿಫ್ಟೇ ಅದನ್ನು ತನ್ನ ಕಿರಿದಾದ ಸಂದಿಯೊಳಗೆ ಬಿಗಿಯುತ್ತದೆ. ಬೀಳುವ ಭಾರವೇ ಬ್ರೇಕಾಗುತ್ತದೆ. ಇದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ನಿಧಾನ ಓಡುವ ಲಿಫ್ಟುಗಳಲ್ಲಿ ಈ ಹಿಡಿತ ಒಂದೇ ಏಟಿಗೆ ಬೀಳುತ್ತದೆ. ವೇಗ ಹೆಚ್ಚಿದ್ದರೆ ಒಳಗಿದ್ದವರ ಮೊಣಕಾಲು ಮುರಿಯದಂತೆ, ಸ್ಪ್ರಿಂಗಿನ ಒತ್ತಡದಲ್ಲಿ ತುಸು ದೂರ ಜಾರಿಸಿ ನಿಲ್ಲಿಸುವ ಬಗೆಯದನ್ನು ಹಾಕುತ್ತಾರೆ.

ತೇರಿನ ಪಕ್ಕದಲ್ಲಿ ಕಣ್ಣಿಟ್ಟು ನಡೆಯುವ ಮನುಷ್ಯನಿರುತ್ತಾನೆ. "ಇಲ್ಲಿ ಸನ್ನಿ ಕೊಡೋರು ಯಾರೋ ತಮ್ಮಾ?" ಎಂದೆ. "ಅವ್ರು ಮಾಳಗಿ ಮ್ಯಾಲ ಅದಾರ್ರಿ" ಎಂದು ನಕ್ಕ.

ಮಾಳಿಗೆಯ ಮೇಲಿನ ಮಷೀನ್ ರೂಮಿನಲ್ಲಿ ಮೋಟರು, ದೊಡ್ಡ ಗಾಲಿ, ಅದರ ಮೇಲಿಂದ ಇಳಿಬಿದ್ದ ನಾಲ್ಕು ಉಕ್ಕಿನ ಹಗ್ಗಗಳು. ಅವ್ವ ಹಗ್ಗ ಎಂದಾಗ ಅವಳ ಕಣ್ಣ ಮುಂದೆ ಇರುವುದು ಬಾವಿಯ ಗಡಗಡಿಗೆ ಹಾಕಿದ ಒಂದೇ ಹಗ್ಗ. ಇಲ್ಲಿ ಒಂದಕ್ಕೆ ನಾಲ್ಕಿವೆ. ಹೊರುವ ಭಾರಕ್ಕಿಂತ ಸಾಮಾನ್ಯವಾಗಿ 12 ಪಟ್ಟು ಹೆಚ್ಚು ಬಲ ಇಟ್ಟುಕೊಂಡೇ ಲೆಕ್ಕ ಹಾಕುತ್ತಾರೆ. ಒಳಗೆ "6 ಜನ, 408 ಕೆ.ಜಿ." ಎಂದು ಬರೆದಿರುವುದು ತಲೆಗೆ 68 ಕೆ.ಜಿ.ಯ ಲೆಕ್ಕ. ಹಗ್ಗದ ಇನ್ನೊಂದು ತುದಿಗೆ ಎದುರು ತೂಕ ಕಟ್ಟಿರುತ್ತಾರೆ. ಅದು ಲಿಫ್ಟಿನ ತೂಕ ಮತ್ತು ತುಂಬು ಹೊರೆಯ ಅರ್ಧದಷ್ಟು ಕೂಡಿಸಿದ ಭಾರದ್ದು. ಅಂದರೆ ಒಬ್ಬರೇ ಇರುವ ಲಿಫ್ಟಿನಲ್ಲಿ ಮೋಟರಿನ ಬ್ರೇಕು ಕೈಕೊಟ್ಟರೆ ಅದು ಕೆಳಗೆ ಬೀಳುವ ಬದಲು ಮೇಲಕ್ಕೆ ಹಾರುತ್ತದೆ. ನಾನು ಇದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಅದಕ್ಕೇ ಈಗಿನ ಲಿಫ್ಟುಗಳಲ್ಲಿ ಮೇಲ್ಮುಖ ಓಟಕ್ಕೂ ತಡೆ ಇಡುತ್ತಾರೆ.

ಮಾತಿನ ನಡುವೆ ಹೆಸ್ಕಾಂನವರು ಕರೆಂಟು ತೆಗೆದರು. ಮೋಟರಿನ ಬ್ರೇಕು "ಟಕ್" ಎಂದು ಕಚ್ಚಿತು. ಕರೆಂಟು ಇರುವಾಗ ವಿದ್ಯುತ್ಕಾಂತ ಆ ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ. ಕರೆಂಟು ಹೋದ ಕ್ಷಣ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಏರ್ಪಾಟು ಇದು. ಕತ್ತಲಾದರೆ ಲಿಫ್ಟು ನಿಲ್ಲುತ್ತದೆ, ಬೀಳುವುದಿಲ್ಲ.

ಸನ್ನಿ ಕೊಡುವವರು ಮೂಲೆಯಲ್ಲಿದ್ದರು. ಊಟದ ತಟ್ಟೆಯಷ್ಟಗಲದ ಒಂದು ಗಾಲಿ, ಅದರ ಮೇಲೆ ಬೇರೆಯೇ ಒಂದು ತೆಳು ಹಗ್ಗ. ಈ ಹಗ್ಗ ಲಿಫ್ಟನ್ನು ಎತ್ತುವುದಿಲ್ಲ, ಅದರ ಜೊತೆ ಸುತ್ತುತ್ತದೆ ಅಷ್ಟೇ. ಕೆಳಗೆ ಗುಂಡಿಯಲ್ಲಿ ತೂಗುತ್ತಿದ್ದ ಒಂದು ಕಬ್ಬಿಣದ ಗುಂಡು ಇದನ್ನು ಬಿಗಿಯಾಗಿ ಹಿಡಿದಿತ್ತು. ಇದರ ಹೆಸರು ಗವರ್ನರ್. ಹಳ್ಳಿಯ ಹಿಟ್ಟಿನ ಗಿರಣಿಯ ಹಳೆಯ ಎಂಜಿನ್ ನೋಡಿದವರಿಗೆ ಇದು ಹೊಸದಲ್ಲ. ವೇಗ ಹೆಚ್ಚಿದಂತೆ ತೂಕದ ತುಂಡುಗಳು ಹೊರಕ್ಕೆ ಚಾಚಿಕೊಳ್ಳುತ್ತವೆ. ಲಿಫ್ಟಿನ ನಿಗದಿತ ವೇಗ ಸೆಕೆಂಡಿಗೆ 1 ಮೀಟರ್ ಎಂದುಕೊಳ್ಳಿ. 1.15 ಮೀಟರಿನವರೆಗೆ ಇದು ಸುಮ್ಮನಿರಬೇಕು, ಅದನ್ನು ಮೀರಿ ಓಡತೊಡಗಿದರೆ ಕಚ್ಚಬೇಕು. ಮೊದಲು ಸ್ವಿಚ್ಚಿನಿಂದ ಮೋಟರಿನ ಕರೆಂಟು ಕಡಿಯುತ್ತದೆ. ಆಮೇಲೂ ವೇಗ ಇಳಿಯದಿದ್ದರೆ ತೆಳು ಹಗ್ಗವನ್ನು ಹಿಡಿದುಬಿಡುತ್ತದೆ. ಹಗ್ಗ ನಿಂತಿದೆ, ಲಿಫ್ಟು ಇಳಿಯುತ್ತಿದೆ: ಆ ಎಳೆತಕ್ಕೆ ತಳದ ಬೆಣೆಗಳು ಮೇಲೇಳುತ್ತವೆ.

1945ರ ಜುಲೈ 28ರಂದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಮಂಜಿನಲ್ಲಿ ಬಾಂಬರ್ ವಿಮಾನವೊಂದು ಬಡಿಯಿತು. ಅಲ್ಲಿನ ಲಿಫ್ಟ್ ನಿರ್ವಾಹಕಿ ಬೆಟ್ಟಿ ಲೂ ಆಲಿವರ್ 75 ಮಹಡಿ ಕೆಳಗೆ ಬಿದ್ದೂ ಬದುಕಿದರು. ಅಷ್ಟು ಸುಸಜ್ಜಿತ ಲಿಫ್ಟಿನಲ್ಲಿ ಸುರಕ್ಷಾ ಬ್ರೇಕು ಯಾಕೆ ಹಿಡಿಯಲಿಲ್ಲ? ವಿಮಾನದ ಏಟಿಗೆ ಎತ್ತುವ ಹಗ್ಗಗಳ ಜೊತೆ ಈ ತೆಳು ಹಗ್ಗವೂ ಕಡಿದಿತ್ತು. ಈ ಸಂಗತಿ ತಿಳಿದ ಮೇಲೆ ನಾನು ಆ ಹಗ್ಗವನ್ನು ಮತ್ತೊಮ್ಮೆ ಬಗ್ಗಿ ನೋಡಿದೆ.

ರಾಣೇಬೆನ್ನೂರಿನಲ್ಲಿ ಒಂದು ನರ್ಸಿಂಗ್ ಹೋಮಿನ ಸ್ಟ್ರೆಚರ್ ಲಿಫ್ಟಿನ ಪರೀಕ್ಷೆ ಇತ್ತು. ರೋಗಿಗಳನ್ನೆಲ್ಲ ಅರ್ಧ ಗಂಟೆ ತಡೆದು, ಪ್ರತಿ ಮಹಡಿಯ ಬಾಗಿಲಿಗೂ ಕುರ್ಚಿ ಅಡ್ಡ ಇಟ್ಟರು. ಬಾಗಿಲಿನ ವಿಷಯದಲ್ಲಿ ಹುಡುಗ ಬಲು ಕಟ್ಟುನಿಟ್ಟು. ಅವನ ಅನುಭವದಲ್ಲಿ ಅಪಾಯ ಬರುವುದು ಹಗ್ಗದಿಂದ ಅಲ್ಲ, ಲಿಫ್ಟು ಇಲ್ಲದಿದ್ದರೂ ತೆರೆದುಕೊಳ್ಳುವ ಬಾಗಿಲಿನಿಂದ.

ಖಾಲಿ ಲಿಫ್ಟನ್ನು ನಿಧಾನ ವೇಗದಲ್ಲಿ ಕೆಳಗೆ ಬಿಟ್ಟ. ಮೇಲೆ ಅವನ ಜೊತೆಗಾರ ಗವರ್ನರಿನ ಕೊಕ್ಕೆಯನ್ನು ಕೈಯಿಂದ ಬೀಳಿಸಿದ. ಇಡೀ ಕಟ್ಟಡದಲ್ಲಿ "ಗಡಕ್" ಎಂಬ ಶಬ್ದ. ಲಿಫ್ಟು ಎರಡನೇ ಮಹಡಿಯ ಕೆಳಗೆ ಮೊಳೆ ಹೊಡೆದಂತೆ ನಿಂತಿತು. ಮೇಲೆ ಹಗ್ಗಗಳು ಸಡಿಲಾಗಿ ಮೋಟರಿನ ಗಾಲಿ ಅವುಗಳಡಿಯಲ್ಲಿ ಬರಿದೇ ಜಾರತೊಡಗಿತು. ಅಂದರೆ ಆ ಹೊತ್ತು ಲಿಫ್ಟನ್ನು ಹೊತ್ತದ್ದು ಹಗ್ಗವಲ್ಲ, ಎರಡು ಬದಿಯ ಸನ್ನಿಗಳು. ಕಾರಿಡಾರಿನಲ್ಲಿ ನಿಂತ ಆಯಾ ಒಬ್ಬರು ಎದೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಹುಡುಗ ಲಿಫ್ಟನ್ನು ಒಂದು ಗೇಣು ಮೇಲಕ್ಕೆತ್ತಿದ, ಬೆಣೆಗಳು ತಾವಾಗಿ ಕಳಚಿಕೊಂಡವು. ಹಳಿಯ ಮೇಲೆ ಹಲ್ಲು ಕಚ್ಚಿದಂಥ ಗುರುತು ಬಿದ್ದಿತ್ತು. ಅರದಿಂದ ಅದನ್ನು ಉಜ್ಜಿ ನುಣುಪು ಮಾಡಿದ. ಅವ್ವನಿಗೆ ಹೇಳಬೇಕಾದ ಉತ್ತರ ನನಗೆ ಸಿಕ್ಕಿತ್ತು. ಕೆಲಸ ಅಲ್ಲಿಗೇ ಮುಗಿಸಿ ಬಸ್ಸು ಹತ್ತಬಹುದಿತ್ತು.

ಆದರೆ ಅವನಿಗೆ ಬ್ಯಾಡಗಿಯಲ್ಲಿ ಒಂದು ಕೆಲಸ ಬಾಕಿ ಇತ್ತು. ಒಂದು ಕೋಲ್ಡ್ ಸ್ಟೋರೇಜಿನ ಮಾಲಿನ ಲಿಫ್ಟು ಶಬ್ದ ಮಾಡುತ್ತಿದೆ ಎಂದು ಕರೆ ಬಂದಿತ್ತು. ಹೆದ್ದಾರಿಯಲ್ಲಿ ಮೋಟೆಬೆನ್ನೂರಿನವರೆಗೆ ಹಿಂದಕ್ಕೆ ಬಂದು ಒಳಗೆ ತಿರುಗಿದೆವು. ಸೋಮವಾರ, ಮಾರುಕಟ್ಟೆಯ ದಿನ. ಊರು ಇನ್ನೂ ಮುಂದಿರುವಾಗಲೇ ಕೆಮ್ಮು ಬಂತು. ಎಪಿಎಂಸಿ ಅಂಗಳದಲ್ಲಿ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳ ಸಾಲು, ಪಕ್ಕದ ನೆರಳಿನಲ್ಲಿ ತೊಟ್ಟು ಮುರಿಯಲು ಕೂತ ಹೆಂಗಸರು. ದರ ಬಿದ್ದಾಗ ಮಾರಲು ಮನಸ್ಸಾಗದವರು ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ತಂಪಿನಲ್ಲಿ ಕಾಯಿಯ ಬಣ್ಣ ಉಳಿಯುತ್ತದೆ, ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಆ ಬಣ್ಣಕ್ಕೆ.

ಹೊರಗೆ ಬೆವರು ಹರಿಯುವ ಬಿಸಿಲು, ಒಳಗೆ ಹಮಾಲರು ತಲೆಗೆ ಉಣ್ಣೆ ಟೋಪಿ ಹಾಕಿಕೊಂಡಿದ್ದರು. ಲಿಫ್ಟೆಂದರೆ ಮೂರು ಕಡೆ ತೆರೆದ ಕಬ್ಬಿಣದ ಹಲಗೆ. ಮೇಲೆ ಒಂದು ವಿಂಚು, ಅದಕ್ಕೆ ಒಂದೇ ಒಂದು ಹಗ್ಗ. ಹಳಿಗಳ ಬದಲು ಬದಿಗೆ ಚಾನೆಲ್ ಕಬ್ಬಿಣ ನಿಲ್ಲಿಸಿದ್ದರು. ಪಕ್ಕದಲ್ಲಿ ಬಣ್ಣದಲ್ಲಿ ಬರೆದ ಫಲಕ: "ಮಾಲು ಮಾತ್ರ. ಜನ ಹತ್ತಬಾರದು."

ನಾನು ನೋಡುತ್ತಿದ್ದಂತೆ ಇಬ್ಬರು ಹಮಾಲರು ಚೀಲಗಳ ಜೊತೆ ಹತ್ತಿ ಮೇಲೆ ಹೋದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮೆಟ್ಟಿಲು ಇರುವುದು ಕಟ್ಟಡದ ಇನ್ನೊಂದು ತುದಿಯಲ್ಲಿ. ಪ್ರತಿ ಖೇಪಿಗೂ ಸುತ್ತಿ ಹತ್ತಿ ಇಳಿದರೆ ಚೀಲದ ಲೆಕ್ಕದಲ್ಲಿ ಸಿಗುವ ಕೂಲಿ ಅರ್ಧವಾಗುತ್ತದೆ.

ವಯಸ್ಸಾದ ಒಬ್ಬರು ಮಾತ್ರ ಲಿಫ್ಟು ಬಿಟ್ಟು ಮೆಟ್ಟಿಲ ಕಡೆ ನಡೆದಿದ್ದರು. "ಕಾಕಾರ, ನೀವ್ಯಾಕ ಹತ್ತಲಿಲ್ರಿ?" ಎಂದೆ. "ಒಮ್ಮೆ ಹರದದ್ದ ನೋಡೇನ್ರಿ. ಚೀಲ ಅಷ್ಟ ಇದ್ವು, ನಾವು ಇನ್ನ ಹತ್ತಿರಲಿಲ್ಲ" ಎಂದರು. ಎಲ್ಲಿ, ಯಾವಾಗ ಎಂದು ಅವರು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಈ ಬ್ರೇಕು ಹುಟ್ಟಿದ್ದೇ ಇಂಥ ಹಲಗೆಗಾಗಿ. 1852ರಲ್ಲಿ ನ್ಯೂಯಾರ್ಕಿನ ಬಳಿಯ ಯಾಂಕರ್ಸ್ ಊರಿನಲ್ಲಿ, ಮಂಚ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಎಲಿಶಾ ಓಟಿಸ್, ಯಂತ್ರಗಳನ್ನು ಮೇಲಿನ ಮಹಡಿಗೆ ಸಾಗಿಸುವ ಮಾಲಿನ ಲಿಫ್ಟಿಗೆ ಇದನ್ನು ಮಾಡಿದ. ಗಾಡಿಗೆ ಹಾಕುವ ಪಟ್ಟಿ ಸ್ಪ್ರಿಂಗನ್ನು ಹಲಗೆಯ ಮೇಲ್ಭಾಗದಲ್ಲಿ ಕೂಡಿಸಿದ. ಹಗ್ಗ ಬಿಗಿಯಿದ್ದಷ್ಟು ಹೊತ್ತು ಸ್ಪ್ರಿಂಗು ಬಾಗಿರುತ್ತಿತ್ತು, ಹಗ್ಗ ಹರಿದರೆ ನೆಟ್ಟಗಾಗಿ ಎರಡೂ ಬದಿಯ ಹಲ್ಲುಪಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತಾನೇ ಹಲಗೆಯ ಮೇಲೆ ನಿಂತು ಜನರೆದುರು ಹಗ್ಗ ಕಡಿಸಿದ. ಶ್ರೀಮಂತ ಗಿರಾಕಿಗಳನ್ನು ಹತ್ತಿಸಿಕೊಂಡ ಲಿಫ್ಟು ಬ್ರಾಡ್‌ವೇಯ ಅಂಗಡಿಯೊಂದರಲ್ಲಿ ಓಡಿದ್ದು ಅದಾಗಿ ಮೂರು ವರ್ಷಕ್ಕೆ, 1857ರಲ್ಲಿ. ಕೂಲಿಯವರ ಹಲಗೆಗೆ ಮೊದಲು ಬಂದದ್ದು ಇವತ್ತು ಅಂಗಡಿ, ಆಸ್ಪತ್ರೆಗಳ ಲಿಫ್ಟಿನಲ್ಲಿ ಇದೆ, ನನ್ನ ಎದುರಿಗಿದ್ದ ಹಲಗೆಯ ಕೆಳಗೆ ಇರಲಿಲ್ಲ. ಇದು ನನಗೆ ಸಂಕಟವಾಯಿತು.

ಕಾನೂನಿಗೆ ಇದು ಗೊತ್ತಿಲ್ಲದ್ದಲ್ಲ. ಮುಂಬೈ ಪ್ರಾಂತ್ಯ 1939ರಲ್ಲೇ ಲಿಫ್ಟಿನ ಕಾಯ್ದೆ ಮಾಡಿದಾಗ ಈ ಮೂರೂ ಊರುಗಳು ಅದೇ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಈಗ 2012ರ ಕರ್ನಾಟಕ ಕಾಯ್ದೆಯಂತೆ ಲಿಫ್ಟು ಕೂಡಿಸಲು ಅನುಮತಿ, ಓಡಿಸಲು ಪರವಾನಗಿ ಬೇಕು. ಅವನ್ನು ಕೊಡುವವರು ವಿದ್ಯುತ್ ಪರಿವೀಕ್ಷಣಾಲಯದವರು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಕೋಲ್ಡ್ ಸ್ಟೋರೇಜನ್ನೂ ತನ್ನ ವ್ಯಾಪ್ತಿಗೆ ತಂದಿತ್ತು. ಅದರ 28ನೇ ಸೆಕ್ಷನ್ ಪ್ರಕಾರ ಹಾಯ್ಸ್ಟು, ಲಿಫ್ಟುಗಳನ್ನು ಆರು ತಿಂಗಳಿಗೊಮ್ಮೆ ತಜ್ಞರು ಪರೀಕ್ಷಿಸಬೇಕಿತ್ತು. ಜನರನ್ನು ಒಯ್ಯುವುದಾದರೆ ಕನಿಷ್ಠ ಎರಡು ಹಗ್ಗಗಳಿರಬೇಕಿತ್ತು, ಹಗ್ಗ ಹರಿದರೂ ಪಂಜರವನ್ನು ತುಂಬು ಹೊರೆಯ ಸಮೇತ ಹಿಡಿದು ನಿಲ್ಲಿಸುವ ಸಾಧನ ಇರಬೇಕಿತ್ತು. ಎಲ್ಲವೂ "ಜನರನ್ನು ಒಯ್ಯುವುದಾದರೆ" ಎಂಬ ಮಾತಿನ ಮೇಲೆ ನಿಂತಿತ್ತು. ಫಲಕ ಬರೆಸಿದ ಮಾಲೀಕರು ತಮ್ಮದು ಜನರ ಲಿಫ್ಟಲ್ಲ ಎನ್ನುತ್ತಾರೆ. ಮನುಷ್ಯ ಕಾಲಿಡಬಲ್ಲ ಹಲಗೆ ಎಂದ ಮೇಲೆ ಅದರಲ್ಲಿ ಮನುಷ್ಯ ಹೋಗುತ್ತಾನೆ ಎಂದೇ ಎಣಿಸಿ ಬ್ರೇಕು ಹಾಕಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಹುಡುಗ ಇದನ್ನೇ ತನ್ನ ಭಾಷೆಯಲ್ಲಿ ಮಾಲೀಕರಿಗೆ ಹೇಳಿದ. ಅವರು ಸಿಟ್ಟಾಗಲಿಲ್ಲ. "ಈ ಚಾನೆಲ್ಲಿಗೆ ಅದು ಕೂಡತೈತೇನಪಾ?" ಎಂದು ಕೇಳಿದರು. ಕೂಡುವುದಿಲ್ಲ. ಬೆಣೆ ಕಚ್ಚಬೇಕಾದರೆ ನೇರ, ನುಣುಪಾದ ಹಳಿ ಬೇಕು. ಹಳಿಯನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್ಟುಗಳು ಆ ಏಟನ್ನು ತಡೆಯುವಂತಿರಬೇಕು, ಹಲಗೆಯ ಚೌಕಟ್ಟನ್ನೂ ಬದಲಿಸಬೇಕು. ಹತ್ತಿರ ಹತ್ತಿರ ಹೊಸ ಲಿಫ್ಟೇ ಆಗುತ್ತದೆ. "ಸೀಜನ್ ಮುಗೀಲಿ, ಖರ್ಚಿನ ಲೆಕ್ಕ ಕೊಡು" ಎಂದರು. ಅಲ್ಲಿಯವರೆಗೆ ಜನ ಹತ್ತದಂತೆ ಹಲಗೆಗೆ ಗೇಟು ಹಾಕಿಸಿ ಎಂದು ಹುಡುಗ ಕೇಳಿಕೊಂಡ. ಅದಕ್ಕೆ ಅವರು ಒಪ್ಪಿದರು.

ಶಬ್ದದ ಕಾರಣ ವಿಂಚಿನ ಬೇರಿಂಗು. ಅದನ್ನು ಬದಲಿಸಿದ ಮೇಲೆ ಹುಡುಗ ಹಲಗೆಯನ್ನು ಎದೆಮಟ್ಟಕ್ಕೆ ಎತ್ತಿಸಿ, ಕೆಳಗೆ ನಾಲ್ಕು ದಪ್ಪ ತೊಲೆಗಳನ್ನು ಆನಿಸಿ, ಅಂಗಾತ ಮಲಗಿ ಒಳಗೆ ಸರಿದ. ಚೀಲ ಹೊತ್ತು ಬಂದ ಹಮಾಲರು ಅವನ್ನು ಗೋಡೆಗೆ ಒರಗಿಸಿ ಕಾದು ನಿಂತರು. ಟೇಪು ಸರ್ರನೆ ಬಿಚ್ಚಿಕೊಂಡ ಸದ್ದು. "ಚಾನೆಲ್ಲಿನಿಂದ ಚಾನೆಲ್ಲಿಗೆ ಬರ್ಕೊಳ್ರಿ ಸರ" ಎಂದು ಒಳಗಿನಿಂದ ಕೂಗಿ ಅಂಕಿ ಹೇಳಿದ. ನಾನು ಬರೆದುಕೊಂಡೆ.