ನಿಲ್ದಾಣಕ್ಕೆ ಐದೇ ನಿಮಿಷ!
2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಬೆಂಗಳೂರಿನ ಮೊದಲ ಮೆಟ್ರೋ ರೈಲು ಸಂಚರಿಸಿತು. ಅಂದಿನಿಂದ ಮನೆ ಅರಸುವ ಗೃಹಸ್ಥರಿಗೆ ಹೊಸ ಪ್ರಶ್ನೆಯೊಂದು ಹುಟ್ಟಿಕೊಂಡಿದೆ: ‘ನಿಲ್ದಾಣ ಎಷ್ಟು ದೂರ?’

‘ಐದೇ ನಿಮಿಷ’ ಎನ್ನುತ್ತಾನೆ ದಲ್ಲಾಳಿ. ಯಾರ ಕಾಲಿನ ಐದು ನಿಮಿಷವೋ, ಅದನ್ನು ಹೇಳುವುದಿಲ್ಲ! ಮೊಣಕಾಲು ನೋವಿನ ಅಜ್ಜಿಯೊಡನೆ ಸಂಜೆಗತ್ತಲಲ್ಲಿ ಒಮ್ಮೆ ನಡೆದು ನೋಡುವುದು ಮೇಲು.

ಇನ್ನು ಕಟ್ಟಡದ ಯೋಗ್ಯತೆಯನ್ನು ಹೊಳೆಯುವ ಮುಂಭಾಗದಿಂದ ಅಳೆಯಲಾಗದು. ನೇರವಾಗಿ ತಾರಸಿಗೆ ಏರಬೇಕು. ಮಳೆನೀರು ನಿಂತ ಕಲೆಗಳಿವೆಯೇ? ನೀರಿನ ತೊಟ್ಟಿಗೆ ಮುಚ್ಚಳವಿದೆಯೇ? ಬಳಿಕ ನೆಲಮಾಳಿಗೆಗೆ ಇಳಿದು ತಲೆಯೆತ್ತಿ ನೋಡಬೇಕು. ತೇವ ತಗುಲಿದ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಸೀಳುತ್ತದೆ. ಬಣ್ಣ ಅದನ್ನು ಮರೆಮಾಚಬಲ್ಲುದೇ ಹೊರತು ತಡೆಯಲಾರದು.

ಉಳಿದದ್ದು ನಿವಾಸಿಗಳ ಸಂಘದ ಲೆಕ್ಕಪುಸ್ತಕ. ಲಿಫ್ಟಿನ ದುರಸ್ತಿಗೆ ಹಣ ಕೂಡಿಟ್ಟಿದ್ದಾರೆಯೇ, ಕೆಟ್ಟಾಗ ಚಂದಾ ಎತ್ತುತ್ತಾರೆಯೇ ಎಂಬುದು ಅಲ್ಲಿ ತಿಳಿಯುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಗೆ ಒಳಪಟ್ಟ ಕಟ್ಟಡಗಳಲ್ಲಿ, ಮಾರಿದವನು ಉಳಿಸಿಹೋದ ಸಾಮಾನ್ಯ ವೆಚ್ಚದ ಬಾಕಿಗೆ ಕೊಂಡವನೂ ಹೊಣೆಯಾಗುತ್ತಾನೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದ ಮೇಲೆ ಇದು ಗೊತ್ತಾದರೆ ಗತಿಯೇನು? ಬಾಕಿಯ ವಿವರವನ್ನು ಬರಹದಲ್ಲಿ ಕೇಳಿ ಪಡೆಯುವ ಹಕ್ಕನ್ನೂ ಅದೇ ಕಾಯಿದೆ ಕೊಟ್ಟಿದೆ. ಕ್ರಯಪತ್ರಕ್ಕೆ ಮುಂಚೆಯೇ ಅದನ್ನು ಪಡೆದಿಡಬೇಕು.