ಮದುವೆಯ ಮನೆಗೆ ಯಾವ ಮಸೂರ?

ಮುಹೂರ್ತವು ಯಾರಿಗಾಗಿಯೂ ಕಾಯುವುದಿಲ್ಲ. ಪುರೋಹಿತರು ಸನ್ನೆ ಮಾಡುತ್ತಲೇ ಗಟ್ಟಿಮೇಳ ಮೊಳಗುತ್ತದೆ. ವರನು ವಧುವಿನ ಕೊರಳಿಗೆ ಮಾಂಗಲ್ಯವನ್ನು ಕಟ್ಟುತ್ತಾನೆ. ನಾಲ್ಕು ದಿಕ್ಕುಗಳಿಂದಲೂ ಅಕ್ಷತೆ ಬೀಳುತ್ತದೆ. ಎಲ್ಲವೂ ಅರ್ಧ ನಿಮಿಷದ ವ್ಯವಹಾರ. ಆಗ ತೆಗೆದ ಚಿತ್ರವು ಕೆಟ್ಟರೆ ಮತ್ತೊಮ್ಮೆ ತೆಗೆಯುವ ಮಾತೇ ಇಲ್ಲ.

ಹಿಂದೊಮ್ಮೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಇದೇ ಚಿಂತೆಯನ್ನು ಹೊತ್ತು ನಮ್ಮಲ್ಲಿಗೆ ಬಂದನು. ಅವನ ಅಕ್ಕನ ಮದುವೆ ನಿಶ್ಚಯವಾಗಿತ್ತು. ವೃತ್ತಿಯ ಛಾಯಾಗ್ರಾಹಕರನ್ನು ಕರೆಸುವಷ್ಟು ಅನುಕೂಲ ಮನೆಯಲ್ಲಿರಲಿಲ್ಲವಾಗಿ, ಹೊಣೆ ಇವನ ಮೇಲೆ ಬಿದ್ದಿತ್ತು. ಕೈಯಲ್ಲಿದ್ದುದು ಹಳೆಯ ಡಿಜಿಟಲ್ ಕ್ಯಾಮೆರ, ಅದರೊಡನೆ ಬಂದ ೧೮–೫೫ ಮಿ.ಮೀ. ಜೂಮ್ ಮಸೂರ, ಮತ್ತು ಇನ್ನೊಂದು ಮಸೂರಕ್ಕೆ ಮಾತ್ರ ಸಾಲುವಷ್ಟು ಹಣ. ದೂರದ ವಸ್ತುವನ್ನು ಹತ್ತಿರಕ್ಕೆ ತರುವ ೫೫–೨೫೦ ಮಿ.ಮೀ. ಮಸೂರವು ಅಂಗಡಿಯಲ್ಲಿ ಅವನ ಮನಸ್ಸನ್ನು ಸೆಳೆದಿತ್ತು. “ಅದನ್ನೇ ಕೊಳ್ಳಲೇ, ಸಾರ್?” ಎಂದು ಕೇಳಿದನು.

ಇದಕ್ಕೆ ಉತ್ತರ ಹೇಳಬೇಕಾದುದು ಅಂಗಡಿಯಲ್ಲ, ಭೌತವಿಜ್ಞಾನ. ಮಸೂರದ ಅಂಚಿನಲ್ಲಿ ಎರಡು ಬಗೆಯ ಅಂಕೆಗಳಿರುತ್ತವೆ. ಒಂದು ನಾಭಿದೂರ. ಇನ್ನೊಂದು ಎಫ್ ಅಂಕೆ. ಎಂದರೆ ನಾಭಿದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ. ಆದುದರಿಂದ ಎಫ್ ಅಂಕೆಯು ಚಿಕ್ಕದಾದಷ್ಟೂ ಕಿಂಡಿಯು ದೊಡ್ಡದು.

ಎಫ್/೧.೮ ಎಂದು ಬರೆದಿರುವ ೫೦ ಮಿ.ಮೀ. ಮಸೂರವನ್ನು ತೆಗೆದುಕೊಳ್ಳೋಣ. ಅದರ ಕಿಂಡಿಯ ವ್ಯಾಸ ಸುಮಾರು ೨೮ ಮಿ.ಮೀ. ಅದೇ ನಾಭಿದೂರದಲ್ಲಿ ಎಫ್/೫.೬ ಆದರೆ ವ್ಯಾಸ ೯ ಮಿ.ಮೀ. ಮಾತ್ರ. ಒಳಹೊಗುವ ಬೆಳಕು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಮೊದಲನೆಯದು ಹತ್ತಿರ ಹತ್ತಿರ ಹತ್ತು ಮಡಿ ಬೆಳಕನ್ನು ಕುಡಿಯುತ್ತದೆ. ಕಲ್ಯಾಣಮಂಟಪದ ಮಂದ ಬೆಳಕಿನಲ್ಲಿ ಒಂದಕ್ಕೆ ಸೆಕೆಂಡಿನ ೨೦ನೆಯ ಒಂದು ಭಾಗ ಕಾಲ ಬೇಕಾದರೆ, ಇನ್ನೊಂದಕ್ಕೆ ೨೦೦ನೆಯ ಒಂದು ಭಾಗ ಸಾಕು. ಸೆಕೆಂಡಿಗೆ ೩ ಮೀಟರ್ ವೇಗದಲ್ಲಿ ಬೀಳುವ ಅಕ್ಷತೆಯ ಕಾಳು ಮೊದಲ ಅವಧಿಯಲ್ಲಿ ೧೫ ಸೆಂ.ಮೀ. ಚಲಿಸಿ ಗೆರೆಯಾಗಿಬಿಡುವುದು, ಎರಡನೆಯದರಲ್ಲಿ ಒಂದೂವರೆ ಸೆಂ.ಮೀ. ಮಾತ್ರ.

“ಕೈನಡುಕವನ್ನು ತಡೆಯುವ ಮಸೂರಗಳಿವೆಯಲ್ಲ?” ಎಂದು ವಾಚಕರು ಕೇಳಬಹುದು. ಉಂಟು. ಆದರೆ ಅವು ತಡೆಯುವುದು ನಮ್ಮ ಕೈಯ ನಡುಕವನ್ನೇ ಹೊರತು ವರನ ಕೈಯ ಚಲನೆಯನ್ನಲ್ಲ. ಕ್ಯಾಮೆರದ ಐ.ಎಸ್.ಓ. ಅಂಕೆಯನ್ನು ಏರಿಸಬಹುದು, ಅದರಿಂದ ಬೆಳಕೇನೂ ಹೆಚ್ಚುವುದಿಲ್ಲ, ಇದ್ದ ಅಲ್ಪ ಬೆಳಕಿನ ಸಂಜ್ಞೆಯು ವರ್ಧಿಸಿ ಚಿತ್ರದಲ್ಲಿ ಮರಳಿನಂಥ ಕಲೆಗಳು ಎದ್ದು ಕಾಣುತ್ತವೆ. ಫ್ಲಾಷ್ ದೀಪದ ಬೆಳಕಾದರೋ ದೂರವು ಇಮ್ಮಡಿಸಿದರೆ ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು. ಮುಂದಿನವರು ಬೆಳ್ಳಗೆ, ಹಿಂದಿನವರು ಕಪ್ಪಗೆ.

ಇಷ್ಟು ದೊಡ್ಡ ಕಿಂಡಿಯ ಮಸೂರವು ಅಗ್ಗವಾಗಿ ದೊರೆಯುವುದು ಹೇಗೆ? ದೊಡ್ಡ ಕಿಂಡಿಯ ಅಂಚಿನಿಂದ ಬರುವ ಕಿರಣಗಳು ನಡುವಿನ ಕಿರಣಗಳೊಡನೆ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಬಿಂಬವು ಮಸುಕಾಗುತ್ತದೆ. ೧೮೪೦ರಲ್ಲಿ ವಿಯನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಎಫ್/೩.೬ರ ಮಸೂರವನ್ನು ರಚಿಸಿದಾಗ ಅದೊಂದು ಮಹಾಸಾಧನೆ. ೧೮೯೬ರಲ್ಲಿ ಜರ್ಮನಿಯ ಪಾಲ್ ರುಡಾಲ್ಫ್ ರಚಿಸಿದ ‘ಪ್ಲಾನಾರ್’ನಲ್ಲಿ ಕಿಂಡಿಯ ಎರಡು ಕಡೆಗೂ ಗಾಜುಗಳು ಒಂದಕ್ಕೊಂದು ಪ್ರತಿಬಿಂಬದಂತೆ ನಿಂತು, ಒಂದರ ದೋಷವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತಿದ್ದವು. ಇಂದಿನ ೫೦ ಮಿ.ಮೀ. ಮಸೂರಗಳಲ್ಲಿ ಬಹಳಷ್ಟು ಆ ವಂಶಕ್ಕೇ ಸೇರಿದವು. ಕ್ಯಾನನ್ನಿನ ೫೦ ಮಿ.ಮೀ. ಎಫ್/೧.೮ ಎಸ್.ಟಿ.ಎಂ. ಮಸೂರದಲ್ಲಿರುವುದು ಆರೇ ಗಾಜು; ತೂಕ ೧೬೦ ಗ್ರಾಂ. ಸರಳ ರಚನೆ, ಕಡಿಮೆ ಗಾಜು, ಕಡಿಮೆ ಬೆಲೆ. ಎಫ್/೨.೮ರ ಉತ್ತಮ ಜೂಮ್ ಮಸೂರಕ್ಕೆ ಇದರ ಹಲವು ಮಡಿ ಹಣ ತೆರಬೇಕು.

ಆದರೆ ಒಂದೇ ಮಸೂರವು ಎಲ್ಲ ಕೆಲಸವನ್ನೂ ಮಾಡಲಾರದು. ಹೊಸಬರ ಕ್ಯಾಮೆರಗಳಲ್ಲಿ ಬೆಳಕನ್ನು ಗ್ರಹಿಸುವ ಫಲಕದ ಅಗಲ ಸಾಮಾನ್ಯವಾಗಿ ೨೩ ಮಿ.ಮೀ. ಆಸುಪಾಸು. ಸದೃಶ ತ್ರಿಭುಜಗಳ ಲೆಕ್ಕದಂತೆ, ೩ ಮೀಟರ್ ದೂರದಲ್ಲಿ ನಿಂತರೆ ೫೦ ಮಿ.ಮೀ. ಮಸೂರಕ್ಕೆ ಕಾಣುವ ಅಗಲ ೧.೪ ಮೀಟರ್, ವಧೂವರರಿಗೆ ಸಾಕು. ೧೮ ಮಿ.ಮೀ. ಮಸೂರಕ್ಕಾದರೆ ೩.೮ ಮೀಟರ್, ಇಡೀ ಕುಟುಂಬ ಹಿಡಿಸುವುದು. ಸಾಲಾಗಿ ನಿಂತವರು ಅಲುಗಾಡುವುದಿಲ್ಲವಾದ್ದರಿಂದ ಅಲ್ಲಿ ಹಳೆಯ ಜೂಮ್ ಮಸೂರವೇ ಸಾಕು. ಮಂಟಪವು ತೀರ ಇಕ್ಕಟ್ಟಾಗಿದ್ದರೆ ೫೦ಕ್ಕೆ ಬದಲು ೩೫ ಮಿ.ಮೀ. ಮಸೂರವು ಮೇಲು.

ಹಳೆಯ ಮಸೂರವನ್ನು ಕೊಳ್ಳುವವರು ಎರಡು ಮಾತು ನೆನಪಿಡಬೇಕು. ಟಾರ್ಚಿನ ಬೆಳಕನ್ನು ಹಾಯಿಸಿ ನೋಡಿರಿ. ಕರಾವಳಿ, ಮಲೆನಾಡುಗಳ ತೇವದಲ್ಲಿ ಗಾಜಿನೊಳಗೆ ಬೂಷ್ಟು ಜೇಡರಬಲೆಯಂತೆ ಹಬ್ಬಿರಬಹುದು. ಮಸೂರವು ನಿಮ್ಮ ಕ್ಯಾಮೆರದಲ್ಲಿ ತಾನಾಗಿಯೇ ಬಿಂಬವನ್ನು ಸ್ಫುಟಗೊಳಿಸುವುದೇ ಎಂದೂ ಪರೀಕ್ಷಿಸಿರಿ. ನಿಕಾನ್ ಕಂಪೆನಿಯ ಎ.ಎಫ್. ೫೦ ಮಿ.ಮೀ. ಎಫ್/೧.೮ ಡಿ ಮಸೂರದೊಳಗೆ ಮೋಟಾರಿಲ್ಲ. ಡಿ ೩೫೦೦ದಂಥ ಕ್ಯಾಮೆರದಲ್ಲೂ ಅದನ್ನು ತಿರುಗಿಸುವ ಮೋಟಾರಿಲ್ಲ. ಅಲ್ಲಿ ಪ್ರತಿಯೊಂದು ಚಿತ್ರಕ್ಕೂ ಕೈಯಿಂದಲೇ ತಿರುಗಿಸಬೇಕಾದೀತು.

ವಿದ್ಯಾರ್ಥಿಯು ಮಂಟಪಕ್ಕೆ ಹೋಗಿ, ತಾನು ನಿಲ್ಲಬಹುದಾದ ಜಾಗವನ್ನು ಅಳೆದು, ೫೦ ಮಿ.ಮೀ. ಮಸೂರವನ್ನೇ ಕೊಂಡನು. ಮದುವೆಯಾದ ಮೇಲೆ ಚಿತ್ರಗಳನ್ನು ತಂದು ತೋರಿಸಿದನು. ಕೆಲವು ಕೆಟ್ಟಿದ್ದವು: ಅಕ್ಕನ ಮುಖ ಸ್ಫುಟ, ಒಂದಡಿ ಹಿಂದಿದ್ದ ಭಾವನ ಮುಖ ಮಸುಕು. ಇದೂ ದೊಡ್ಡ ಕಿಂಡಿಯ ಗುಣವೇ. ಎಫ್/೧.೮ರಲ್ಲಿ ೩ ಮೀಟರ್ ದೂರಕ್ಕೆ ಸ್ಫುಟವಾಗಿ ಮೂಡುವ ಆಳ ಸುಮಾರು ಕಾಲು ಮೀಟರ್ ಮಾತ್ರ, ಎಫ್/೨.೮ಕ್ಕೆ ಇಳಿಸಿದ್ದರೆ ೪೦ ಸೆಂ.ಮೀ. ದೊರೆಯುತ್ತಿತ್ತು. ಇದನ್ನು ಮೊದಲೇ ಎಚ್ಚರಿಸದಿದ್ದುದು ನಮ್ಮ ತಪ್ಪು.

ಆದರೆ ಒಂದು ಚಿತ್ರವನ್ನು ನಾವು ಬಹಳ ಹೊತ್ತು ನೋಡಿದೆವು. ಧಾರೆಯ ನೀರು ಇನ್ನೂ ಕೈಯಿಂದ ಜಾರುತ್ತಿದೆ. ಅದರ ಹಿಂದೆ ತಂದೆಯ ತುಂಬಿದ ಕಣ್ಣುಗಳು. ಆ ಬೆಳಕಿನಲ್ಲಿ ಎಫ್/೫.೬ರ ಮಸೂರದಿಂದ ಅವು ದಕ್ಕುತ್ತಿರಲಿಲ್ಲ. ಮಸೂರವನ್ನು ಕೊಳ್ಳುವವರು ನಿಜವಾಗಿ ಕೊಳ್ಳುವುದು ದೂರವನ್ನಲ್ಲ, ಬೆಳಕನ್ನು. ಹಣವನ್ನು ಎಣಿಸುವ ಮೊದಲು ಬೆಳಕನ್ನು ಎಣಿಸಿರಿ.